ಕೆಂಚನ ಹಸಿವು

ಆ ಭಾನುವಾರ ಸಂಜೆ ಐದರ ಸುಮಾರಿಗೆ ಬಾಲ್ಕನಿಯಲ್ಲಿ ಕೆಂಚ ವಾಂತಿಗೆ ಹೆಣಗುತ್ತಿರುವ ಸದ್ದು ಕೇಳಿ ವನಿತಾ ಒಳಗಿನಿಂದ ಬಂದಳು. ಬಾಯಿಂದ ನೊರೆ ಬಿಟ್ಟರೆ ಏನೂ ಬರುತ್ತಿರಲಿಲ್ಲ. ನಾಯಿ ಕೂರುತ್ತಿತ್ತು, ಏಳುತ್ತಿತ್ತು, ಮತ್ತೆ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ದೊಡ್ಡ ಜಾತಿಯ ನಾಯಿಗಳಿಗೆ ಹೀಗಾಗುತ್ತದೆ, ಹಾಗಾದರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಕೆಳಗಿನ ಮನೆಯ ಬಾಗಿಲು ಬಡಿದಳು.

ಮನೆಯ ಮಾಲೀಕ ಚಿಕ್ಕಬೈರಪ್ಪ ಒಂದು ಮಾತೂ ಕೇಳದೆ ಕಾರು ತೆಗೆದರು. ಅರವತ್ತು ಕೆಜಿಯ ನಾಯಿಯನ್ನು ದುಪ್ಪಟಿಯಲ್ಲಿ ಮಲಗಿಸಿ ನಾಲ್ಕು ಜನ ಹೊತ್ತು ಇಳಿಸಿದರು. ಆ ನಾಲ್ವರಲ್ಲಿ ಚಿಕ್ಕಬೈರಪ್ಪನವರ ಹೆಂಡತಿ ಗೌರಮ್ಮನೂ ಇದ್ದರು. ಅವರ ಹಿಡಿತದಿಂದ ದುಪ್ಪಟಿಯ ತುದಿ ಎರಡು ಸಲ ಜಾರಿತು.

ಜೆ.ಪಿ. ನಗರದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಶಿವರಾಮ್ ಎಕ್ಸ್‌ರೇ ನೋಡಿ ತಲೆ ಎತ್ತಿದರು. "ಹೊಟ್ಟೇಲಿ ಗ್ಯಾಸ್ ತುಂಬಿ ಹಂಗೇ ತಿರುಚ್ಕೊಂಡಿದೆ ಮೇಡಂ. ಈಗ್ಲೇ ಆಪರೇಷನ್ ಮಾಡ್ಬೇಕು. ಮಾಡಿದ್ರೂ ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ವನಿತಾ ಸಹಿ ಹಾಕಿದಳು.

ಅವಳು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಟೆಕ್ನಿಷಿಯನ್. ವಯಸ್ಸು ನಲವತ್ತರ ಹತ್ತಿರ, ಒಬ್ಬಳೇ. ಆರು ವರ್ಷದ ಹಿಂದೆ ಪರಿಚಯದ ಡಾಕ್ಟರೊಬ್ಬರ ಮನೆಯಲ್ಲಿ ಗ್ರೇಟ್ ಡೇನ್ ನಾಯಿ ಮರಿ ಹಾಕಿದಾಗ ಹಿಂಗಾಲು ಸೊಟ್ಟಗಿದ್ದ ಒಂದನ್ನು ಯಾರೂ ಒಯ್ಯದೆ ಬಿಟ್ಟಿದ್ದರು. ಅದನ್ನು ಇವಳು ತಂದಳು. ಕಾಲು ತಾನಾಗಿ ಸರಿಹೋಯಿತು, ಮರಿ ಕರುವಿನಷ್ಟೆತ್ತರ ಬೆಳೆಯಿತು. ಮೈಬಣ್ಣ ನೋಡಿ ಕೆಂಚ ಅಂತ ಹೆಸರಿಟ್ಟಳು. ವಿಲ್ಸನ್ ಗಾರ್ಡನ್ನಿನ ಮನೆ ಬಿಡಬೇಕಾಗಿ ಬಂದಾಗ ಇಟ್ಟಮಡುವಿನ ಈ ಮನೆಯನ್ನು ಕೊಡಲು ಚಿಕ್ಕಬೈರಪ್ಪ ಮೊದಲು ಒಪ್ಪಿರಲಿಲ್ಲ. ಗೌರಮ್ಮ ಗೇಟಿನ ಆಚೆ ಬಂದು ನಾಯಿಯ ಮೂತಿ ಹಿಡಿದು ನೋಡಿ, ಇದು ನಮ್ಮ ಕೊಟ್ಟಿಗೆಯ ಕರು ಇದ್ದ ಹಾಗೇ ಇದೆ, ಇದ್ದುಕೊಳ್ಳಲಿ ಅಂದರು. ಅವರಿಗೆ ಹಸು ಕಟ್ಟಿ ಅಭ್ಯಾಸ. ಹೊಲವೆಲ್ಲ ಲೇಔಟ್ ಆಗಿ, ಕೊಟ್ಟಿಗೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದ ಮೇಲೆ ಹಾಗೆ ಮೂತಿ ಚಾಚಿ ಎದುರಿಗೆ ನಿಲ್ಲುವ ಪ್ರಾಣಿ ಅವರಿಗೆ ಇರಲಿಲ್ಲ. ದಿನಾ ಬೆಳಗ್ಗೆ ರೊಟ್ಟಿಯ ಒಂದು ಚೂರು ಅವರ ಕೈಯಿಂದಲೇ ಆಗಬೇಕು ಕೆಂಚನಿಗೆ.

ಆಪರೇಷನ್ ಆಯಿತು. ಹೊಟ್ಟೆಯನ್ನು ಸರಿಮಾಡಿ, ಮತ್ತೆ ತಿರುಚದ ಹಾಗೆ ಪಕ್ಕೆಯ ಗೋಡೆಗೆ ಸೇರಿಸಿ ಹೊಲಿದಿದ್ದೇವೆ, ಪಕ್ಕದ ಗುಲ್ಮ, ಅಂದರೆ ಸ್ಪ್ಲೀನ್, ಕಪ್ಪಾಗಿತ್ತು, ತೆಗೆದುಬಿಟ್ಟೆವು ಎಂದು ಡಾಕ್ಟರ್ ಹೇಳಿದರು. ಎರಡು ದಿನ ಎದೆಬಡಿತ ತಾಳ ತಪ್ಪುತ್ತಲೇ ಇತ್ತು. ಮೂರನೆಯ ದಿನ ಹಿಡಿತಕ್ಕೆ ಬಂತು. ಬುಧವಾರ ಮನೆಗೆ ಕಳಿಸಿದರು. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಒಂದು ಹಿಡಿಯಷ್ಟೇ, ಬೇಯಿಸಿದ ಕೋಳಿ, ಮೆತ್ತಗಿನ ಅನ್ನ. ತಿನ್ನುವುದೊಂದು ಶುರುವಾದರೆ ಅರ್ಧ ಗೆದ್ದ ಹಾಗೆ ಅಂದರು.

ತಿನ್ನುವುದು ಶುರುವಾಗಲಿಲ್ಲ.

ವನಿತಾ ಲ್ಯಾಬಿಗೆ ರಜೆ ಹಾಕಿದಳು. ಕೋಳಿಯನ್ನು ಉಪ್ಪಿಲ್ಲದೆ ಬೇಯಿಸಿ ಎಳೆಯೆಳೆಯಾಗಿ ಬಿಡಿಸಿ, ವಾಸನೆ ಏಳಲಿ ಅಂತ ಬೆಚ್ಚಗೆ ಮಾಡಿ ಮುಂದಿಟ್ಟಳು. ಕೆಂಚ ಮುಖ ತಿರುಗಿಸಿತು. ಮೊಟ್ಟೆ, ಗಂಜಿ, ಕೋಳಿ ಬೇಯಿಸಿದ ನೀರು, ಒಂದನ್ನೂ ಮೂಸಲಿಲ್ಲ. ವಾಕರಿಕೆ ನಿಲ್ಲುವ ಮಾತ್ರೆ, ಹಸಿವಾಗುವ ಮಾತ್ರೆ ಎರಡೂ ನಡೆಯುತ್ತಿದ್ದವು. ಹೊಲಿಗೆ ನೆಕ್ಕದಿರಲಿ ಅಂತ ಕುತ್ತಿಗೆಗೆ ಕಟ್ಟಿದ ಅಗಲ ಬಾಯಿಯ ಪ್ಲಾಸ್ಟಿಕ್ ಕೋನನ್ನು ನೆಲಕ್ಕೆ ತಾಗಿಸಿಕೊಂಡು ಅದು ಇಡೀ ದಿನ ಗೋಡೆಯ ಕಡೆ ನೋಡುತ್ತ ಮಲಗಿರುತ್ತಿತ್ತು. ಪಕ್ಕೆಲುಬುಗಳು ಒಂದೊಂದಾಗಿ ಕಾಣತೊಡಗಿದವು. ಇಟ್ಟ ತಟ್ಟೆಯನ್ನು ಎರಡು ಗಂಟೆಗೊಮ್ಮೆ ತೆಗೆದು ಚೆಲ್ಲುವುದು, ಮತ್ತೆ ಬೇಯಿಸುವುದು, ಇದೇ ಅವಳ ಕೆಲಸವಾಯಿತು.

ಗೌರಮ್ಮ ಮೆಟ್ಟಿಲ ತನಕ ಬಂದು, ತಿಂತಾ ಅಂತ ಕೇಳಿ, ಇಲ್ಲ ಅಂದರೆ ಹಾಗೇ ಇಳಿದು ಹೋಗುತ್ತಿದ್ದರು. ಯಾವತ್ತೂ ಒಳಗೆ ಬಂದು ನಾಯಿಯ ಪಕ್ಕ ಕೂರುತ್ತಿದ್ದವರು ಈಗ ಹೊಸ್ತಿಲು ದಾಟುತ್ತಿರಲಿಲ್ಲ. ಆಪರೇಷನ್ ನೋಡಿ ಹೆದರಿದ್ದಾರೆ ಎಂದುಕೊಂಡಳು ವನಿತಾ. ಶುಕ್ರವಾರ ಮಧ್ಯಾಹ್ನ ಅವರು ಹೊಸ್ತಿಲ ಮೇಲೇ ಕೂತುಬಿಟ್ಟರು.

"ನಿಂಗೊಂದ್ ಮಾತು ಹೇಳ್ಬೇಕು ವನಿತಾ. ಆವತ್ತು ನೀನು ಡ್ಯೂಟಿಯಿಂದ ಬರೋಕ್ ಮುಂಚೆ ನಾನು ಕೆಂಚಂಗೆ ಊಟ ಹಾಕಿದ್ದೆ ಕಣಮ್ಮ."

ಆ ಭಾನುವಾರ ಕೆಳಗೆ ಬಾಡೂಟವಿತ್ತು. ಗೌರಮ್ಮನ ಮೊಮ್ಮಗುವಿಗೆ ಮುಡಿ ತೆಗೆಸಿದ್ದರು. ವನಿತಾಳಿಗೆ ಮಧ್ಯಾಹ್ನ ಎರಡರವರೆಗೆ ಲ್ಯಾಬ್ ಇತ್ತು.

"ಎಷ್ಟು ಹಾಕಿದ್ರಿ?"

"ದೊಡ್ಡ ಬೇಸನ್ ತುಂಬ. ಮುದ್ದೆ, ಬೋಟಿ ಸಾರು. ಎಲ್ಲಾರ್ಗೂ ಬಡ್ಸಿ ಮಿಕ್ಕಿತ್ತು. ಚೆನ್ನಾಗ್ ತಿಂತು. ಆಮೇಲೆ ಮಕ್ಕಳು ಟೆರೇಸ್ ಮೇಲೆ ಓಡಾಡ್ಸಿದ್ವು."

"ನಾನು ಬಂದು ಮತ್ತೆ ಹಾಕ್ದೆ ಆಂಟಿ. ಅವನ ಊಟ ಪೂರ್ತಿ ಹಾಕ್ದೆ. ನೀವು ಒಂದ್ ಮಾತು ಹೇಳಿದ್ರೆ ಹಾಕ್ತಿರ್ಲಿಲ್ಲ."

"ಬೈತೀಯ ಅಂತ ಹೇಳ್ಲಿಲ್ಲ."

ವನಿತಾ ಬೈಯಲಿಲ್ಲ. ಎದ್ದು ಬಂದು, ಅವರು ಸೆರಗು ಎಳೆದುಕೊಂಡು ಏಳುವುದನ್ನೇ ಕಾದು, ಬಾಗಿಲು ಹಾಕಿದಳು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಅದೇ ಕಾರಣವಾ ಅಂತ ಕೇಳಿದಳು. ಇರಬಹುದು, ಇಲ್ಲದಿರಬಹುದು, ಈ ಜಾತಿಯ ನಾಯಿಗಳಿಗೆ ಏನೂ ಮಾಡದಿದ್ದರೂ ಬರುತ್ತದೆ ಅಂದರು ಅವರು. ಆ ಉತ್ತರ ಅವಳಿಗೆ ಬೇಕಿರಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಂಡರೆ ಸ್ವಲ್ಪ ಹಗುರವಾಗುತ್ತಿತ್ತು.

ಶನಿವಾರ ತೋರಿಸಲು ಹೋದಾಗ ಡಾಕ್ಟರ್, ಸೋಮವಾರದ ತನಕ ನೋಡೋಣ, ಆಗಲೂ ತಿನ್ನದಿದ್ದರೆ ಮೂಗಿನಿಂದ ಟ್ಯೂಬ್ ಹಾಕುತ್ತೇನೆ ಎಂದರು. ಅಲ್ಲಿಯವರೆಗೆ ಅಂಗಡಿಯಲ್ಲಿ ಸಿಗುವ ರೋಗಿ ನಾಯಿಗಳ ಆಹಾರವನ್ನು ತೆಳ್ಳಗೆ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಬೇಕು. ತಲೆ ಮೇಲಕ್ಕೆತ್ತಬಾರದು. ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ನುಂಗುವುದನ್ನು ನೋಡಿ ಮುಂದಿನದು. ಕೊಸರಾಡಿದರೆ ನಿಲ್ಲಿಸಿಬಿಡಿ ಎಂದು ಎರಡು ಸಲ ಹೇಳಿದರು.

ಸಂಜೆ ಒಂದು ಸಿರಿಂಜಿಗೆ ಅರ್ಧ ಗಂಟೆ ಹಿಡಿಯಿತು. ಒಳಗೆ ಹೋದದ್ದಕ್ಕಿಂತ ಗದ್ದದಿಂದ ಸೋರಿದ್ದೇ ಹೆಚ್ಚು. ಗದ್ದ ಒರೆಸುತ್ತಿದ್ದಾಗ ವನಿತಾಳಿಗೆ ಗೌರಮ್ಮನ ಕೈ ನೆನಪಾಯಿತು. ಜ್ವರ ಬಂದಾಗಲೂ ಕೆಂಚ ಆ ಕೈಯಿಂದ ತಿನ್ನುವುದನ್ನು ಬಿಟ್ಟಿರಲಿಲ್ಲ. ಸಿಟ್ಟನ್ನು ಪಕ್ಕಕ್ಕಿಟ್ಟು ಕೆಳಗಿಳಿದಳು. ಬಾಗಿಲು ತೆಗೆದ ಗೌರಮ್ಮನಿಗೆ, ಒಂದು ಸಲ ಬಂದು ಕೊಟ್ಟು ನೋಡಿ ಎಂದಳು. ನನ್ನ ಕೈ ಬೇಡಮ್ಮ ಎಂದು ಅವರು ಹಿಂದೆ ಸರಿದರು. ಚಿಕ್ಕಬೈರಪ್ಪ, ಹೋಗು, ತಾನಾಗಿ ಇಳಿದು ಬಂದು ಕರೀತಿದೆ ಆ ಮಗು, ಎಂದ ಮೇಲೆ ಗೌರಮ್ಮ ಹತ್ತಿ ಬಂದರು.

ಗೌರಮ್ಮ ನೆಲದ ಮೇಲೆ ಕೂತು ಕೋಳಿಯ ಒಂದು ಎಳೆಯನ್ನು ಅಂಗೈಯಲ್ಲಿಟ್ಟು ಚಾಚಿದರು. ಕೆಂಚ ತಲೆ ಎತ್ತಿತು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ನಾಯಿ ಅಂಗೈಯನ್ನು ಮೂಸಿ, ಮಣಿಕಟ್ಟನ್ನು ನಿಧಾನವಾಗಿ ನೆಕ್ಕಿ, ಕೋಳಿಯನ್ನು ಹಾಗೇ ಬಿಟ್ಟು ತಲೆಯನ್ನು ನೆಲಕ್ಕೆ ಇಳಿಸಿತು. ಗೌರಮ್ಮ ಕೈ ಹಿಂತೆಗೆಯದೆ ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಆ ಎಳೆಯನ್ನು ತಟ್ಟೆಗೆ ಹಾಕಿ, ಸೊಂಟ ಹಿಡಿದುಕೊಂಡು ಎದ್ದು ಹೋದರು.

ಮಾರನೆಯ ಬೆಳಗ್ಗೆ ಲ್ಯಾಬಿನಿಂದ ಫೋನ್ ಬಂತು. ಇಬ್ಬರು ಬಂದಿಲ್ಲ, ಎರಡು ಗಂಟೆಯ ಮಟ್ಟಿಗಾದರೂ ಬನ್ನಿ ಎಂದರು. ಹೊರಡುವ ಮುಂಚೆ ಒಂದಿಷ್ಟಾದರೂ ಹೊಟ್ಟೆಗೆ ಹೋಗಲಿ ಎಂದು ವನಿತಾ ಸಿರಿಂಜ್ ತುಂಬಿದಳು. ಕೆಂಚ ಹಲ್ಲು ಬಿಗಿಹಿಡಿದಿತ್ತು. ಅವಳು ತುಟಿಯನ್ನು ಎಳೆದು, ಗದ್ದವನ್ನು ಮೇಲೆತ್ತಿ ಒತ್ತಿದಳು. ಒಂದೇ ಸಲಕ್ಕೆ ಪೂರ್ತಿ ಹೋಯಿತು. ನಾಯಿ ಕೊಸರಿಕೊಂಡು ಕೆಮ್ಮಿತು. ಮೂಗಿನಿಂದ ಕಂದು ಬಣ್ಣದ ಹನಿ ಇಳಿಯಿತು. ಅವಳು ಒರೆಸಿದಳು. ಕೆಮ್ಮು ನಿಂತಿತು. ಅವಳು ಮುಖ ತೊಳೆದುಕೊಂಡು ಲ್ಯಾಬಿಗೆ ಹೋದಳು.

ತಿರುಗಿ ಬಂದಾಗ ಕೆಂಚ ಎದ್ದು ನಿಂತಿತ್ತು. ಅಡಿಗೆಮನೆಯ ಬಾಗಿಲಿಗೆ ಬಂದು ಅವಳ ಕೈಯಲ್ಲಿದ್ದ ಪಾತ್ರೆಯನ್ನು ಮೂಸಿತು. ಅವಳು ಅನುಮಾನದಿಂದಲೇ ಒಂದು ಚೂರು ಕೋಳಿ ನೀಡಿದಳು. ತಿಂದಿತು. ಇನ್ನೊಂದು, ಮತ್ತೊಂದು. ವನಿತಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಸಂಜೆ ಒಂದು ಹಿಡಿ ಅನ್ನ ಹೋಯಿತು. ಸೋಮವಾರ ನಾಲ್ಕು ಸಲ ತಿಂದಿತು. ಟ್ಯೂಬ್ ಬೇಡ, ಹೀಗೇ ನಡೆಯಲಿ ಎಂದರು ಡಾಕ್ಟರ್ ಫೋನಿನಲ್ಲಿ. ಕೆಳಗೆ ಹೋಗಿ ಗೌರಮ್ಮನಿಗೆ ಹೇಳಬೇಕು ಅನ್ನಿಸಿತು. ಅವಳು ಹೋಗಲಿಲ್ಲ. ಇನ್ನೊಂದು ದಿನ ಅವರು ಹೀಗೇ ಕೊರಗಲಿ ಎಂದುಕೊಂಡಳು.

ಮಂಗಳವಾರ ಬೆಳಗ್ಗೆ ಕೆಂಚನ ಪಕ್ಕೆಗಳು ಜೋರಾಗಿ ಏರಿಳಿಯುತ್ತಿದ್ದವು. ಮೈ ಕೆಂಡದ ಹಾಗಿತ್ತು. ಮಲಗಲು ಆಗದೆ ಮುಂಗಾಲು ಅಗಲಿಸಿ ಕೂತಿತ್ತು. ಮತ್ತೆ ಅದೇ ಕಾರು, ಅದೇ ದುಪ್ಪಟಿ. ಚಿಕ್ಕಬೈರಪ್ಪ ಹೊರಗೆ ಕಾರಿನ ಹತ್ತಿರವೇ ಉಳಿದರು. ಎಕ್ಸ್‌ರೇಯಲ್ಲಿ ಎದೆಯ ಬಲಭಾಗವೆಲ್ಲ ಬೆಳ್ಳಗಿತ್ತು. ಡಾಕ್ಟರ್ ಹೊಟ್ಟೆಯ ಹೊಲಿಗೆ ನೋಡಿ, ಅದು ಚೆನ್ನಾಗಿ ಕೂಡಿಕೊಂಡಿದೆ ಎಂದರು. ಆಮೇಲೆ, ತಿನ್ನಿಸುವಾಗ ಕೆಮ್ಮಿತ್ತಾ ಎಂದು ಕೇಳಿದರು.

"ಭಾನುವಾರ ಬೆಳಗ್ಗೆ ಒಂದ್ಸಲ ಕೆಮ್ಮಿದ್ದ," ಅಂದಳು ವನಿತಾ. "ಆಮೇಲೆ ನಿಂತೋಯ್ತು ಸಾರ್."

ಅವರು ತಲೆಯಾಡಿಸಿದರು. ಮತ್ತೇನೂ ಕೇಳಲಿಲ್ಲ. ಆಹಾರ ಶ್ವಾಸಕೋಶಕ್ಕೆ ಇಳಿದು ಸೋಂಕಾಗಿದೆ, ಆಕ್ಸಿಜನ್ ಕೊಡುತ್ತೇವೆ, ನೋಡೋಣ ಎಂದರು. ಬುಧವಾರ ಹನ್ನೊಂದು ಗಂಟೆಗೆ, ಅವಳು ಆಕ್ಸಿಜನ್ ಕೊಡುವ ಗಾಜಿನ ಪೆಟ್ಟಿಗೆಯ ಹೊರಗೆ ಕೂತಿದ್ದಾಗಲೇ, ಕೆಂಚನ ಉಸಿರು ನಿಂತಿತು.

ಕನಕಪುರ ರಸ್ತೆಯ ಆಚೆ ಚಿಕ್ಕಬೈರಪ್ಪನವರ ಜಮೀನಿನಲ್ಲಿ ಮಾರದೆ ಉಳಿದಿದ್ದ ಒಂದು ಮೂಲೆಯಿತ್ತು. ಅವರ ಅಪ್ಪ ಅವ್ವನನ್ನು ಅಲ್ಲೇ ಮಣ್ಣು ಮಾಡಿದ್ದರು. ಅಲ್ಲಿಗೇ ಒಯ್ಯೋಣ ಎಂದು ಅವರಾಗಿ ಹೇಳಿ ಗುಂಡಿ ತೋಡಿಸಿದರು. ಗೌರಮ್ಮ ಕಾರಿನಿಂದ ಇಳಿಯಲಿಲ್ಲ.

ಆಮೇಲೆ ಅವರು ಅಷ್ಟಾಗಿ ಹೊರಗೆ ಕಾಣಿಸಲಿಲ್ಲ. ನಮ್ಮವಳು ಸರಿಯಾಗಿ ಊಟ ಮಾಡುತ್ತಿಲ್ಲ, ನನ್ನ ಕೈಯಾರೆ ಕೊಂದೆ ಅಂತ ಕೂತಿರುತ್ತಾಳೆ ಎಂದು ಚಿಕ್ಕಬೈರಪ್ಪ ಒಂದು ದಿನ ಗೇಟಿನ ಹತ್ತಿರ ಹೇಳಿದರು. ವನಿತಾ ಕೇಳಿಸಿಕೊಂಡು ಮೇಲೆ ಹೋದಳು. ಮಾರನೆಯ ದಿನವೂ ಕೆಳಗಿನ ಬಾಗಿಲು ದಾಟಿಕೊಂಡೇ ಹೋದಳು. ಹೀಗೆ ಹದಿನೈದು ದಿನ ಕಳೆದವು. ಡಾಕ್ಟರ್ ಕೇಳಿದ ಪ್ರಶ್ನೆ ಅವಳನ್ನೂ ಡಾಕ್ಟರನ್ನೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಒಂದು ಸಂಜೆ ಲ್ಯಾಬಿನಿಂದ ಬಂದವಳು ಮೆಟ್ಟಿಲು ಹತ್ತದೆ ಕೆಳಗಿನ ಮನೆಗೆ ಹೋದಳು. ಗೌರಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಕೆಂಚ ನಿಮ್ಮ ಊಟದಿಂದ ಹೋಗ್ಲಿಲ್ಲ ಆಂಟಿ. ಹೊಟ್ಟೆ ವಾಸಿಯಾಗಿತ್ತು. ನಾನು ಬಲವಂತವಾಗಿ ಸಿರಿಂಜಲ್ಲಿ ಹಾಕ್ದೆ. ಅದು ಎದೆಗೆ ಹೋಯ್ತು. ಡಾಕ್ಟ್ರು ಹೇಳಿದ್ರು. ಇಷ್ಟು ದಿನ ನಾನು ನಿಮಗೆ ಹೇಳ್ಲಿಲ್ಲ."

ಗೌರಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಸಿಟ್ಟು ಬರಬಹುದು, ಇಲ್ಲವೇ ಅತ್ತು ಹಗುರವಾಗಬಹುದು ಎಂದು ವನಿತಾ ಕಾದಳು.

"ಆಪರೇಷನ್ ಆಗೋ ಹಂಗ್ ಮಾಡ್ದೋಳು ನಾನೇ ಅಲ್ವೇನಮ್ಮ," ಅಂದರು ಅವರು.

ಇಬ್ಬರಲ್ಲಿ ಒಬ್ಬರಾದರೂ ಬಿಡುಗಡೆಯಾಗಲಿ ಎಂದು ವನಿತಾ ಬಂದಿದ್ದಳು. ಎದುರಿಗೆ ಕೂತಳು. ಗೌರಮ್ಮ ಮತ್ತೆ ಕಾಯಿ ಕೈಗೆತ್ತಿಕೊಂಡರು.

ಈಗಲೂ ಅವಳು ಅದೇ ಮನೆಯಲ್ಲಿದ್ದಾಳೆ. ಗೇಟಿನ ಹತ್ತಿರ ಸಿಕ್ಕರೆ ಇಬ್ಬರೂ ನೀರು ಬಂತಾ, ಕಸದ ಗಾಡಿ ಹೋಯಿತಾ ಎಂದು ಮಾತಾಡುತ್ತಾರೆ. ಕೆಂಚನ ಹೆಸರನ್ನು ಇಬ್ಬರೂ ಎತ್ತುವುದಿಲ್ಲ.