ತೋಟದ ನೀರಿನ ಸದ್ದು

ಉಮೇಶ ತೋಟದ ಶೆಡ್ಡು ಸೇರಿ ಒಂಬತ್ತು ದಿನವಾಗಿತ್ತು. ಬಾಣಾವರದಲ್ಲಿ ಟೆಸ್ಟು ಮಾಡಿಸಿ ಕೊರೋನಾ ಅಂತ ಗೊತ್ತಾದ ದಿನವೇ ಅಕ್ಕಿ, ಬೇಳೆ, ಮಾತ್ರೆ ಹೊತ್ತುಕೊಂಡು ಹೋದವನು. ಹೆಂಡತಿ ಶಿಲ್ಪಶ್ರೀಗೂ ಮಗಳು ಸಿರಿಗೂ ಮನೆಯಿಂದ ಆಚೆ ಕಾಲಿಡಬಾರದೆಂದು ಆಸ್ಪತ್ರೆಯವರು ಕೈಗೆ ಸೀಲು ಒತ್ತಿದ್ದರು. ಇದ್ದೊಂದು ಫೋನನ್ನು ಸಿರಿಯ ಆನ್‌ಲೈನ್ ಪಾಠಕ್ಕೆ ಬೇಕೆಂದು ಅವನೇ ಬಿಟ್ಟು ಹೋಗಿದ್ದ. "ಬೆಳಿಗ್ಗೆ ಮೋಟ್ರು ಹಾಕ್ತೀನಿ. ನೀರಿನ ಸದ್ದು ಕೇಳುದ್ರೆ ಚೆನ್ನಾಗಿವ್ನಿ ಅಂತ ತಿಳ್ಕೊ," ಎಂದಿದ್ದ.

ದಿನಾ ಬೆಳಿಗ್ಗೆ ಶಿಲ್ಪಶ್ರೀ ಹಿತ್ತಲಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಕರೆಂಟು ಬಂದು ತೋಟದ ತೊಟ್ಟಿಗೆ ನೀರು ದಬದಬ ಬಿದ್ದರೆ, ಅಬ್ಬ, ಇವತ್ತೂ ಇದ್ದಾರೆ! ಆಮೇಲೆ ಒಲೆ ಹಚ್ಚುತ್ತಿದ್ದಳು.

ಅಂದೂ ಸದ್ದು ಬಂತು. ಅದೇ ಹೊತ್ತಿಗೆ ಪಕ್ಕದ ಮನೆಯ ಚಿಕ್ಕಣ್ಣ ಮೂಗಿಗೆ ಟವೆಲ್ಲು ಸುತ್ತಿಕೊಂಡು ಬೇಲಿಯಾಚೆ ನಿಂತ. ಈ ಕಡೆ ತಲೆ ಹಾಕದೆ ವಾರವಾಗಿತ್ತು ಮಹಾರಾಯ.

"ಉಮೇಸ ಹೆಂಗವ್ನೆ?"

"ಚೆನ್ನಾಗವ್ರೆ ಕಣಣ್ಣ. ಕೇಳುಸ್ತಿಲ್ವಾ, ಮೋಟ್ರು ಹಾಕವ್ರೆ."

"ಅಯ್ಯೋ, ಅದನ್ನ ಆಟೋಗೆ ಹಾಕ್ಬುಟ್ಟವ್ನೆ ಕಣವ್ವ. ಕರೆಂಟ್ ಬಂದೇಟ್ಗೆ ತಾನೇ ಓಡ್ತೈತೆ. ಎರಡು ದಿನದಿಂದ ತೊಟ್ಟಿ ತುಂಬಿ ಬದುನ ಮ್ಯಾಲೆ ಹರೀತೈತೆ, ನಿಲ್ಸೋರೇ ಇಲ್ಲ."

"ಕೂಗಿ ನೋಡ್ಲಿಲ್ವಾ?"

"ಹೆದ್ರಿಕೆ ಆಯ್ತವ್ವ," ಎಂದು ಚಿಕ್ಕಣ್ಣ ತಲೆ ತಗ್ಗಿಸಿದ.

ಹೆದರಿಕೆಯಂತೆ! ಊರಿಗೆ ಊರೇ ಅದೊಂದು ನೆಪ ಹೇಳಿ ಬಾಗಿಲು ಹಾಕಿಕೊಂಡಿತ್ತು. ಶಿಲ್ಪಶ್ರೀಗೆ ಥಟ್ಟನೆ ಹೊಳೆಯಿತು. ತಾನು ಗಾಬರಿಯಾಗಬಾರದೆಂದು ಹಾಸಿಗೆ ಹಿಡಿಯುವ ಮೊದಲು ಅವನೇ ಹಾಗೆ ಮಾಡಿರಬೇಕು. ಎರಡು ದಿನ ಅವಳು ಬರೀ ಕರೆಂಟನ್ನು ನಂಬಿ ಊಟ ಮಾಡಿದ್ದಳು.

"ಸಿರಿ, ಹೊಸಿಲು ದಾಟಬ್ಯಾಡ," ಎಂದವಳೇ ಓಡಿದಳು. ಕೈಯ ಸೀಲು ನೆನಪಿಗೇ ಬರಲಿಲ್ಲ.

ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ತೆಂಗಿನ ಬುಡದಲ್ಲೆಲ್ಲ ಕೆಸರು. ಇಪ್ಪತ್ತು ಹೆಜ್ಜೆ ದೂರದಲ್ಲೇ ಅವಳ ಕಾಲು ನಿಂತವು. ಮುಂದೆ ಹೋದರೆ ಕಾಯಿಲೆ ಸಿರಿಗೂ ಅಂಟೀತು. ಹೋಗದಿದ್ದರೆ? "ರೀ! ರೀ!" ಎಂದು ಗಂಟಲು ಹರಿಯುವಂತೆ ಕೂಗಿದಳು. ನೀರಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ.

ಆಗ ನೀರು ಸಣ್ಣಗಾಯಿತು. ನಿಂತೇ ಹೋಯಿತು. ಕರೆಂಟು ಹೋಯಿತೋ, ಅವನೇ ನಿಲ್ಲಿಸಿದನೋ? ದೇವರ ಹೆಸರೂ ನೆನಪಾಗದೆ ನಿಂತಳು.

ಒಳಗಿನಿಂದ ಕೆಮ್ಮು ಕೇಳಿತು. ಎದೆ ಬಗೆಯುವಂಥ ಕೆಟ್ಟ ಕೆಮ್ಮು. ಹಿಂದೆಯೇ ಓಡಿ ಬಂದಿದ್ದ ಚಿಕ್ಕಣ್ಣ ಬದುವಿನ ಮೇಲೆ ನಿಂತು ಆಂಬುಲೆನ್ಸಿಗೆ ಫೋನು ಮಾಡತೊಡಗಿದ.

ಒಂಬತ್ತು ದಿನದ ಹಿಂದೆ ಇದೇ ಕೆಮ್ಮಿಗೆ ಬೆಚ್ಚಿ ಶಿಲ್ಪಶ್ರೀ ಮಗಳನ್ನು ದೂರಕ್ಕೆ ಎಳೆದುಕೊಂಡಿದ್ದಳು. ಈಗ ಕೆಸರಲ್ಲೇ ಕುಸಿದು ಕೂತು, "ಇನ್ನೊಂದ್ಸಲ ಕೆಮ್ರೀ, ಇನ್ನೊಂದೇ ಸಲ," ಎಂದು ಅಳುತ್ತಿದ್ದಳು.