ಹೌಕೆಯ ಬಿಡುಗಡೆ

ಚಾಕು ಮೀನಿನ ಬೆನ್ನೆಲುಬಿಗೆ ತಾಗಿದಾಗ ಆಗುವ ಸಣ್ಣ ಕರಕರ, ಮಂಜುಗಡ್ಡೆಯ ನೀರು ಕೈಗವಸಿನೊಳಗೆ ಇಳಿಯುತ್ತಿದೆ, ಬೆರಳುಗಳು ಇವೆಯೋ ಇಲ್ಲವೋ — ಬ್ರೇಮರ್‌ಹಾಫೆನ್ ಬಂದರಿನ ಈ ಮೀನಿನ ಕಾರ್ಖಾನೆಯಲ್ಲಿ ವೀಬ್ಕೆಯ ಕೈ ತಾನಾಗಿಯೇ ನಡೆಯುತ್ತದೆ, ತಲೆ ಮಾತ್ರ ಆಗಷ್ಟೇ ಬಿಟ್ಟುಬಂದ ಮೇಲ್ವಿಚಾರಕಿಯ ಕೋಣೆಯಲ್ಲೇ ಕೂತಿದೆ, ಪಾಳಿಯ ಮುಖ್ಯಸ್ಥೆ ಆಗ್ತೀಯಾ ವೀಬ್ಕೆ, ಸಂಬಳ ಚೆನ್ನಾಗೇ ಏರುತ್ತೆ, ಎಂದು ಟ್ಯೋಲ್ನರ್ ಕೇಳಿದ್ದಳು, ಬೇಡ ಅಂದುಬಿಟ್ಟಳು ವೀಬ್ಕೆ, ಯಾಕೆ ಎನ್ನಲು ಬಾಯಿ ತೆರೆದ ಟ್ಯೋಲ್ನರ್ ಏನೋ ನೆನಪಾಗಿ ಪಾಳಿಯ ಪಟ್ಟಿಯತ್ತ ಕಣ್ಣು ತಿರುಗಿಸಿದಳು, ಆ ಕಣ್ಣು ತಿರುಗಿಸುವುದು ಬೈಗುಳಕ್ಕಿಂತ ಕೆಟ್ಟದ್ದು. ಎಲ್ಲರಿಗೂ ಗೊತ್ತು. ಗೊತ್ತಾಗದೆ ಇರುವುದಾದರೂ ಹೇಗೆ, ಸಾಲಕ್ಕೆ ಸಂಬಳ ಹಿಡಿಯಬೇಕೆಂಬ ಕೋರ್ಟಿನ ಆದೇಶ ಮೊದಲು ಬಂದದ್ದು ಅವಳ ಮನೆಗಲ್ಲ, ಕಾರ್ಖಾನೆಗೆ, ಸಂಬಳ ವಿಭಾಗದ ಮುದುಕ ಕನ್ನಡಕ ತೆಗೆದು ಮೆಲ್ಲಗೆ ಹೇಳಿದ್ದ, ನಾವು ಹಿಡಿದುಕೊಳ್ಳಲೇಬೇಕಮ್ಮ, ಪೂರ್ತಿ ನಿಮ್ಮ ಕೈಗೆ ಕೊಟ್ಟರೆ ಬ್ಯಾಂಕಿಗೆ ನಾವು ಕಟ್ಟಬೇಕಾಗುತ್ತೆ — ಬದುಕಲು ಬೇಕಾದಷ್ಟನ್ನು ಕಾನೂನು ಮುಟ್ಟುವುದಿಲ್ಲ, ಒಂದು ಗೆರೆ ಎಳೆದಿದೆ, ಗೆರೆಯ ಮೇಲೆ ಬಂದದ್ದರಲ್ಲಿ ಬಹುಪಾಲು ಬ್ಯಾಂಕಿಗೆ, ಓವರ್‌ಟೈಮ್ ದುಡಿದರೆ ಅದರಲ್ಲಿ ಅರ್ಧ ಮಾತ್ರ ಯಾರೂ ಮುಟ್ಟದ್ದು, ಹಾಗಿರುವಾಗ ಮುಖ್ಯಸ್ಥೆಯಾಗಿ ಯಾರಿಗಾಗಿ ಕೂಗಾಡುವುದು, ಮಗಳು ಯೆಟ್ಟೆ ಓದುತ್ತಿದ್ದಾಗ ಗೆರೆ ಮೇಲಿತ್ತು, ಸಾಕಬೇಕಾದ ಮಗುವಿದೆ ಎಂದು ಒಂದಿಷ್ಟು ಬಿಟ್ಟಿದ್ದರು, ಯೆಟ್ಟೆ ನರ್ಸ್ ಆಗಿ ಮೊದಲ ಸಂಬಳ ತಂದು ನೋಡಮ್ಮಾ ಎಂದು ಅಡುಗೆಮನೆಯಲ್ಲಿ ಕುಣಿದಳು, ಅಮ್ಮನೂ ಕುಣಿದಳು, ಮಗಳು ಇನ್ನು ಲೆಕ್ಕಕ್ಕಿಲ್ಲ ಎಂದಾಯಿತು, ಗೆರೆ ಇಳಿಯಿತು, ಅಮ್ಮನ ಸಂಬಳ ಕುಗ್ಗಿತು, ಮಗಳಿಗೆ ಅದನ್ನು ಇವತ್ತಿಗೂ ಹೇಳಿಲ್ಲ, ಹೇಳಿದರೆ ಅವಳ ಆ ಕುಣಿತ ಕೆಟ್ಟುಹೋಗುತ್ತದೆ.

ಸೈರನ್ ಕೂಗಿತು, ಬೂಟು ತೊಳೆದದ್ದು, ಕೋಟು ಹಾಕಿದ್ದು ಗೊತ್ತೇ ಆಗಲಿಲ್ಲ, ಗೇಟಿನ ಹೊರಗೆ ಗಾಳಿ, ಗಾಳಿಯಲ್ಲಿ ತಮ್ಮ ಹೌಕೆ, ಕೈಯಲ್ಲಿ ಕೇಕಿನ ಡಬ್ಬಿ — ಇವನ ಸೀಗಡಿ ದೋಣಿಯ ಸಾಲಕ್ಕೇ ಅವಳು ಜಾಮೀನು ನಿಂತದ್ದು, ದೋಣಿ ಹರಾಜಾಯಿತು, ಇವನು ದಿವಾಳಿ ಅರ್ಜಿ ಹಾಕಿ ಮೂರು ವರ್ಷ ತಲೆ ತಗ್ಗಿಸಿಕೊಂಡು ಬೇರೆಯವರ ದೋಣಿಯಲ್ಲಿ ದುಡಿದ — ಅಕ್ಕಾ, ಮುಗೀತು ಕಣೇ, ಕೋರ್ಟು ಬಿಟ್ಟುಬಿಡ್ತು, ಇನ್ನು ಯಾರಿಗೂ ಏನೂ ಕೊಡಬೇಕಾಗಿಲ್ಲ. ನಾನು? ಎಂದಳು. ಅವನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ನಿಂತಿತು, ನಿನ್ನನ್ನೂ ಬಿಡ್ತಾರೆ ಅಂದ್ಕೊಂಡಿದ್ದೆ ಅಕ್ಕಾ. ಬಿಡುವುದಿಲ್ಲ, ಸಾಲಗಾರರ ಸಲಹಾ ಕೇಂದ್ರದ ಹೆಂಗಸು ಎಂದೋ ಬಿಡಿಸಿ ಹೇಳಿದ್ದಳು, ಬಿಡುಗಡೆ ಸಾಲ ತಂದವನಿಗೆ, ಜಾಮೀನು ನಿಂತವರಿಗಲ್ಲ, ನೀವೂ ದಿವಾಳಿ ಅರ್ಜಿ ಹಾಕಿ ಎಂದಿದ್ದಳು, ತಾನು ಒಂದು ಕಾಸೂ ಮುಟ್ಟದ ಸಾಲಕ್ಕೆ ದಿವಾಳಿ ಎಂದು ಹೆಸರು ಬರೆಸುವುದೇ, ಇಲ್ಲ ಎಂದು ಎದ್ದುಬಂದಿದ್ದಳು, ಈಗ ಈ ಗಾಳಿಯಲ್ಲಿ, ಈ ಕೇಕಿನ ಎದುರು, ಆ ಹಟ ಕೂಡ ದಣಿದಿದೆ — ಸೋಮವಾರ ನಾನೂ ಅರ್ಜಿ ಹಾಕ್ತೀನಿ ಹೌಕೆ, ನೀನು ಬಂದು ನನ್ನ ಪಕ್ಕದಲ್ಲಿ ಕೂತ್ಕೋ, ಅಷ್ಟು ಸಾಕು. ಅವನು ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ, ಸೋಮವಾರ ಸಮುದ್ರಕ್ಕೆ ಹೋಗ್ಬೇಕಲ್ಲಕ್ಕಾ. ಸಮುದ್ರಕ್ಕೆ. ಅವಳು ಜಾಮೀನಿಗೆ ಸಹಿ ಹಾಕಿದ ದಿನ ಮಾತ್ರ ಹೋಗಿರಲಿಲ್ಲ, ಬ್ಯಾಂಕಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ, ಕಿಟಕಿ ತೆರೆದಿತ್ತು, ಕಾಗದ ಹಾರಾಡುತ್ತಿತ್ತು, ಹಾರದಂತೆ ಇವನೇ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದ, ಉಗುರಿಗೆ ಅಂಟಿದ ಒಂದು ಮೀನಿನ ಹುರುಪೆ ಹೊಳೆಯುತ್ತಿತ್ತು, ಇಲ್ಲಿ ಅಕ್ಕಾ, ಇಲ್ಲೇ ಹಾಕು, ಆ ಹೆಬ್ಬೆರಳು, ಹೊಳೆಯುವ ಆ ಹುರುಪೆ, ಅಲ್ಲಾಡದೆ ಒತ್ತಿಕೊಂಡಿರುವ ಹೆಬ್ಬೆರಳು