ಚಕ್ರಕ್ಕೆ ಕೊಟ್ಟ ಕಲ್ಲು

ಬೆಟ್ಟದ ದಾರಿಯಲ್ಲಿ ಬಾಡಿಗೆ ಕಾರು ಓಡಿಸುವವರ ಪಾಡು ಒಂದೆರಡಲ್ಲ. ಪ್ರವಾಸಿಗರಿಗೆ ತಿರುವಿಗೊಂದು ಫೋಟೊ ಬೇಕು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬುವಂತಿಲ್ಲ. ಅದಕ್ಕೇ ನಮ್ಮ ಡ್ರೈವರಣ್ಣ ಕಾರು ನಿಲ್ಲಿಸಿದಾಗೆಲ್ಲ ಚಕ್ರಕ್ಕೊಂದು ಕಲ್ಲು ಕೊಡುತ್ತಿದ್ದ. ಹೊರಡುವಾಗ ಕಲ್ಲು ಅಲ್ಲೇ ಉಳಿಯುತ್ತಿತ್ತು.

ಪಕ್ಕದ ಮನೆಯಾಕೆ ಅದೇ ರಸ್ತೆಯ ರಿಪೇರಿ ಕೆಲಸದವಳು. ಎಷ್ಟೋ ಸಲ ಹೇಳಿದ್ದಳು, "ಅಣ್ಣಾ, ಕಲ್ಲು ಎತ್ತಿಡು. ತಿರುವಲ್ಲಿ ಬರೋರಿಗೆ ಕಾಣಲ್ಲ."

"ಇಡೀ ಬೆಟ್ಟಾನೇ ಕಲ್ಲು ಕಣಮ್ಮ. ನಂದೊಂದು ಎತ್ತಿದ್ರೆ ಬಯಲಾಗುತ್ತಾ?" ಎಂದು ಅವನು ನಗುತ್ತಿದ್ದ.

ಒಂದು ಸಂಜೆ ಪಕ್ಕದ ಮನೆಯಾಕೆಯ ಹೆಗಲು ಹಿಡಿದು ಅವನ ಮಗಳು ಕುಂಟುತ್ತ ಬಂದಳು. ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಇಳಿಯುತ್ತಿದ್ದವಳು. ಮೊಣಕಾಲು ತರಚಿತ್ತು, ಅಂಗೈ ತುಂಬ ಸಣ್ಣ ಜಲ್ಲಿ.

"ಮೂರನೇ ತಿರುವಲ್ಲಿ ಕಲ್ಲಿತ್ತು ಅಪ್ಪಾ. ತಡೆಗೋಡೆಗೆ ಹೋಗಿ ಗುದ್ದಿ ಬಿದ್ದೆ. ಗೋಡೆ ಇಲ್ಲದಿದ್ರೆ..."

ಮಧ್ಯಾಹ್ನ ಡ್ರೈವರಣ್ಣ ಕಾರು ನಿಲ್ಲಿಸಿದ್ದು ಮೂರನೇ ತಿರುವಿನಲ್ಲೇ.

ಅವನೇ ನೀರು ಬಿಸಿ ಮಾಡಿ ತಂದ. ಮಗಳ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹರಳು ತೆಗೆದ.

"ನೋವಾಗ್ತಿದ್ಯಾ?"

"ಇಲ್ಲ. ಯಾಕಪ್ಪಾ ನನ್ನ ಮುಖಾನೇ ನೋಡ್ತಿಲ್ಲ?"

"ಆ ಕಲ್ಲು ನಾನಿಟ್ಟಿದ್ದು, ಮಗಳೇ."

ಅವಳು, "ಕಲ್ಲಿನ ಮೇಲೆ ಹೆಸರಾದ್ರೂ ಬರೆದಿಡೋದಲ್ವಾ? ಅಪ್ಪಂದು ಅಂತ ಸುತ್ತಿ ಬರ್ತಿದ್ದೆ" ಎಂದಳು. ಅವನ ಕಣ್ಣು ತುಂಬಿದ್ದು ನೋಡಿ ಇನ್ನೊಂದು ಕೈಯಿಂದ ಅವನ ಬೆನ್ನು ಸವರಿದಳು.

"ಕಲ್ಲಿನ ಬದಲು ಮರದ ತುಂಡು ಕೊಡು, ಅದಕ್ಕೆ ಹಗ್ಗ ಕಟ್ಟು ಅಣ್ಣಾ," ಪಕ್ಕದ ಮನೆಯಾಕೆ ಮೆಲ್ಲಗೆ ಹೇಳಿದಳು. "ಇನ್ನೊಂದು ತುದಿ ಕಾರಲ್ಲಿ ನಿನ್ನ ಕಡೆ ಬಾಗಿಲ ಹಿಡಿಗೆ ಸಿಕ್ಕಿಸು. ಬಾಗಿಲು ತೆಗೆಯೋವಾಗ ಹಗ್ಗ ಕೈಗೇ ಸಿಗುತ್ತೆ, ಮರೆಯೋದೆಲ್ಲಿ ಬಂತು? ತಿರುವಲ್ಲಂತೂ ನಿಲ್ಲಿಸಲೇಬೇಡ. ಅಗಲ ಜಾಗ ಸಿಗೋವರೆಗೂ ಹೋಗು."

"ಫೋಟೊ ಅಂತ ಪ್ರಾಣ ತಿಂತಾರಲ್ಲ?"

"ಬೆಟ್ಟ ಎಲ್ಲಿಗೂ ಓಡಿಹೋಗಲ್ಲ, ಮುಂದೆ ಹೋದ್ರೂ ಕಾಣ್ಸುತ್ತೆ ಅನ್ನು."

ಮರುದಿನ ಬೆಳಿಗ್ಗೆ ಅವನು ಬಾಡಿಗೆ ಒಪ್ಪಲಿಲ್ಲ. ಒಂದೊಂದೇ ತಿರುವು ಹತ್ತುತ್ತ, ತನ್ನದೆಷ್ಟು ಬೇರೆಯವರದೆಷ್ಟು ಎಂದು ನೋಡದೆ, ದಾರಿಯಲ್ಲಿದ್ದ ಕಲ್ಲನ್ನೆಲ್ಲ ಅಂಚಿಗೆ ಹೊತ್ತು ಹಾಕಿದ.

ಬೆಟ್ಟ ಹತ್ತುವ ಅಣ್ಣಂದಿರೇ, ಅಕ್ಕಂದಿರೇ, ತಿರುವಿನಲ್ಲಿ ಗಾಡಿ ನಿಲ್ಲಿಸಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವ ಮುಂಚೆ ಎತ್ತಿ ರಸ್ತೆಯ ಅಂಚಿನಾಚೆ ಇಡಿ. ಕೆಳಗೆ ಎಸೆಯಬೇಡಿ, ಕೆಳಗೂ ರಸ್ತೆಯೇ ಇದೆ. ಅಲ್ಲಿ ಯಾರದೋ ಮಗಳು ಮನೆಗೆ ಬರುತ್ತಿರುತ್ತಾಳೆ.